ಅತ್ತೆ ತುಂಬಿದ ಕಾಡತೂಸು

ನಮ್ಮ ಅತ್ತೆಯ ಬಲಗೈ ಹೆಬ್ಬೆರಳಿನ ಉಗುರು ನೋಡಿದರೆ ಯಾರಿಗಾದರೂ ಒಂದು ಗಳಿಗೆ ಮೈ ಜುಮ್ಮೆನ್ನಬೇಕು. ದಪ್ಪಗೆ, ಹಳದಿಗೆ ತಿರುಗಿ, ಅಂಚಿಗೆ ಸೀಸದ ಕಪ್ಪು ಕೂತುಬಿಟ್ಟಿತ್ತು. ಉಳಿದ ಉಗುರುಗಳನ್ನೆಲ್ಲ ಮೊಂಡಾಗಿ ಕತ್ತರಿಸಿಕೊಳ್ಳುತ್ತಿದ್ದ ಅವರು ಇದೊಂದನ್ನು ಮಾತ್ರ ಬೆಳೆಯಲು ಬಿಟ್ಟಿದ್ದರು. ಹುಣಸೆಹಣ್ಣು, ಬೂದಿ, ಲಿಂಬೆಯ ಸಿಪ್ಪೆ, ಯಾವುದಕ್ಕೂ ಆ ಕಪ್ಪು ಜಗ್ಗುತ್ತಿರಲಿಲ್ಲ. ಅದೇ ಕೈ ದಿನಾ ಮುಂಜಾನೆ ರೊಟ್ಟಿ ಬಡಿಯುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ತಾಟಿನ ಮುಂದೆ ಕೂತರೆ ನನಗೆ ರೊಟ್ಟಿ ಕಾಣುತ್ತಿರಲಿಲ್ಲ, ಉಗುರು ಕಾಣುತ್ತಿತ್ತು.

ನಾನು ಮುಗಳಖೋಡದವಳು. ತವರಿನಲ್ಲಿ ಎಮ್ಮೆ ಇದ್ದವು, ಜೋಳವಿತ್ತು, ಮೈತುಂಬ ಕೆಲಸವಿತ್ತು. ಬಂದೂಕನ್ನು ಮಾತ್ರ ಪೊಲೀಸರ ಹೆಗಲ ಮೇಲೆ ಬಿಟ್ಟರೆ ಬೇರೆಲ್ಲೂ ಕಂಡವಳಲ್ಲ. ನನ್ನನ್ನು ಕೊಟ್ಟದ್ದು ಉಗಾರ ಬುದ್ರುಕಿಗೆ, ಕೃಷ್ಣೆಯ ದಂಡೆಯ ಕಬ್ಬಿನ ಮನೆಗೆ. ಬಂದ ಹೊಸದರಲ್ಲೇ ಒಂದು ಮುಂಜಾನೆ ಹಿತ್ತಲಿಗೆ ಹೋದರೆ ಅತ್ತೆ ಕುಕ್ಕರಗಾಲಿನಲ್ಲಿ ಕೂತು, ಹುಣಸೆಹುಳಿ ಹಚ್ಚಿ ಹಿತ್ತಾಳೆ ಸಾಮಾನು ತಿಕ್ಕುತ್ತಿದ್ದರು. ದೇವರ ಸಾಮಾನಿರಬೇಕೆಂದು ಸೆರಗು ಸಿಕ್ಕಿಸಿ ನಾನೂ ಕೂತೆ. ಕೈಗೆ ಸಿಕ್ಕದ್ದು ಬೆರಳುದ್ದದ, ಕುತ್ತಿಗೆ ಸಣ್ಣಗಿರುವ, ಒಳಗೆ ಮಸಿ ಹಿಡಿದ ಒಂದು ಕೊಳವೆ.

“ಅತ್ತೀ, ಇದು ಯಾವ ದೇವರ ಸಾಮಾನ್ರಿ?”

“ಯಮಂದು. ಕೆಳಗ ಇಡು. ಹೊಲಸೈತಿ ಅದು.”

ಅದು ಬೇಟೆ ಬಂದೂಕಿನ ಖಾಲಿ ಕಾಡತೂಸು ಎಂದು ತಿಳಿದ ಕೂಡಲೇ ಎದ್ದು ಹೋಗಿ ಕೈ ತೊಳೆದೆ. ಮತ್ತೆ ತೊಳೆದೆ. ಅತ್ತೆ ಕೂತಲ್ಲಿಂದಲೇ ನಕ್ಕರು. “ತೊಳಿ, ತೊಳಿ. ನಾ ಈ ಮನಿಗೆ ಬಂದಾಗಿಂದ ತೊಳ್ಯಾಕತ್ತೇನಿ” ಅಂದರು.

ಆ ಬಂದೂಕು ಅವರ ಮಾವನ ಕಾಲದ್ದು. ಹಾಳುಬಿದ್ದ ಯಾವುದೋ ವಾಡೆಯ ಸಾಮಾನು ಹರಾಜಿಗೆ ಬಂದಾಗ ಬುದ್ಧಿ ನೆಟ್ಟಗಿದ್ದ ಮಂದಿ ಮಂಚ, ಕಪಾಟು, ತಾಮ್ರದ ಹಂಡೆ ಒಯ್ದರು. ಈ ಮನೆಯ ಹಿರಿಯ ಇಂಗ್ಲಿಷರ ಬಂದೂಕು ಹೆಗಲಿಗೇರಿಸಿಕೊಂಡು ಬಂದನಂತೆ. ಒಂದು ಸಲಕ್ಕೆ ಒಂದೇ ಗುಂಡು. ಕೆಳಗಿನ ಹಿಡಿಕೆ ಒತ್ತಿದರೆ ಹಿಂಬದಿಯ ಬಾಯಿ ತೆರೆಯುತ್ತಿತ್ತು, ಅಲ್ಲಿ ಕಾಡತೂಸು ಇಡಬೇಕು. ಅದಕ್ಕೆ ಕೂರುತ್ತಿದ್ದುದು ಒಂದೇ ನಂಬರಿನ ಕಾಡತೂಸು. ಅತ್ತೆ ಮದುವೆಯಾಗಿ ಬರುವ ಹೊತ್ತಿಗೆ ವಿಲಾಯತಿಯ ಕಂಪನಿ ಆ ನಂಬರು ಮಾಡುವುದನ್ನೇ ನಿಲ್ಲಿಸಿತ್ತು. ಬೆಳಗಾವಿಯ ಅಂಗಡಿಯವನು, “ಈ ನಂಬರ ಸತ್ತಹೋಗೇತ್ರಿ. ಬಂದೂಕ ಗ್ವಾಡಿಗೆ ತೂಗಹಾಕ್ರಿ” ಎಂದು ಹೇಳಿ ಕಳಿಸಿದನಂತೆ. ಎಷ್ಟು ಒಳ್ಳೆಯ ಮಾತು! ಆದರೆ ನಮ್ಮ ಮಾವನವರು ಯಾರ ಮಾತು ಕೇಳಿದವರು? ಹಾರಿಸಿದ ಖಾಲಿ ಕಾಡತೂಸುಗಳನ್ನೇ ಆರಿಸಿ ತಂದು, ಮತ್ತೆ ಮದ್ದು ತುಂಬಿ, ಸೀಸದ ಗುಂಡು ಕೂರಿಸಿ ಹಾರಿಸಲು ಶುರು ಮಾಡಿದರು. ಲೈಸೆನ್ಸು ಇದ್ದದ್ದು ಬಂದೂಕಿಗೆ. ಅಡುಗೆಮನೆಯಲ್ಲಿ ಕಾಡತೂಸು ತುಂಬುವುದಕ್ಕೆ ಯಾರ ಪರವಾನಿಗೆ ಇತ್ತೋ, ಕೇಳುವ ಎದೆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಮೊದಮೊದಲು ತುಂಬುತ್ತಿದ್ದವರು ಮಾವನವರೇ. ಭಾರಿ ಉಡಾಫೆಯ ಕೈ. ಒಂದರಲ್ಲಿ ಮದ್ದು ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಒಂದು ಚಳಿಗಾಲ ಮನೆಯ ಹಿಂದಿನ ಕಬ್ಬಿಗೆ ಹಂದಿ ಬಿದ್ದವು. ಮಾವನವರು ಹೊಡೆದ ಗುಂಡು ಒಂದು ಹೆಣ್ಣುಹಂದಿಯ ಹೊಟ್ಟೆಗೆ ತಾಗಿತು, ಮದ್ದು ಕಡಿಮೆಯಾಗಿ ಆಳಕ್ಕೆ ಇಳಿಯಲಿಲ್ಲ. ಹಂದಿ ಕಬ್ಬಿನ ನಡುವೆ ನುಗ್ಗಿ ಬಿದ್ದುಕೊಂಡಿತು. ಗಾಯದ ಹಂದಿಯ ಬೆನ್ನು ಹತ್ತಿ ಕಬ್ಬಿನೊಳಗೆ ಹೋಗುವ ಗಂಡಸು ಯಾರಿದ್ದಾನೆ? ಎಲ್ಲರೂ ಮನೆಗೆ ಬಂದು, ಉಂಡು, ಅಡ್ಡಾದರು. ಹಂದಿ ಮಾರನೆಯ ದಿನ ಮಧ್ಯಾಹ್ನದವರೆಗೂ ಚೀರುತ್ತಲೇ ಇತ್ತಂತೆ. ಅತ್ತೆ ಆಗ ನಮ್ಮ ಮನೆಯವರನ್ನು ಹೊಟ್ಟೆಯಲ್ಲಿ ಹೊತ್ತಿದ್ದರು.

“ಉಣ್ಣಾಕ ಕುಂತ್ರ ಅದರ ದನಿ. ನೀರ ಸೇದಾಕ ಹೋದ್ರ ಅದರ ದನಿ. ಇವರು ನೋಡಿದ್ರ ಗೊರಕಿ ಹೊಡ್ಯಾಕತ್ಯಾರ,” ಎಂದು ಅತ್ತೆ ಹೇಳುವಾಗ ಅಷ್ಟು ವರ್ಷಗಳ ಮೇಲೂ ಅವರ ಮುಖ ಕಿವುಚಿಕೊಳ್ಳುತ್ತಿತ್ತು. “ಕೊಲ್ಲೂದು ಹೇಸಿಗಿ, ಹುಡುಗಿ. ಅರ್ಧಾ ಕೊಂದು ಬಿಟ್ಟಬರೂದು ಅದಕ್ಕಿಂತ ದೊಡ್ಡ ಹೇಸಿಗಿ. ಅವತ್ತ ಹೇಳಿಬಿಟ್ಟೆ ಇವರಿಗೆ, ಇನ್ನ ಮ್ಯಾಲೆ ಕಾಡತೂಸ ನಾ ತುಂಬ್ತೀನಿ, ಇಲ್ಲಾಂದ್ರ ರೊಟ್ಟಿ ನೀವ ಬಡಕೋರಿ ಅಂತ.”

ಮಾವನವರಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಹಾಗಾಗಿ ಆ ಹೊಲಸು ಅತ್ತೆಯ ಕೊರಳಿಗೆ ಬಿತ್ತು. ಬಯಸಿ ತೆಗೆದುಕೊಂಡದ್ದಲ್ಲ, ಸಹಿಸಲಾಗದೆ ತೆಗೆದುಕೊಂಡದ್ದು.

ತುಂಬುವ ದಿನ ಮನೆಗೆ ಸೂತಕ ಬಂದಂತೆ. ತಲೆಗೆ ಹಳೆಯ ಬಟ್ಟೆ ಬಿಗಿದು, ಹಿತ್ತಲ ಒಲೆಯ ಮುಂದೆ ಕೂರುತ್ತಿದ್ದರು. ಮುಗಿಯುವವರೆಗೆ ನೀರೂ ಕುಡಿಯುತ್ತಿರಲಿಲ್ಲ, ಮುಗಿದ ಮೇಲೆ ತಲೆಗೆ ನೀರು ಹಾಕಿಕೊಳ್ಳದೆ ಒಳಗೆ ಕಾಲಿಡುತ್ತಿರಲಿಲ್ಲ. ಖಾಲಿ ಕಾಡತೂಸಿನ ತಳವನ್ನು ಬರಿ ಬೆರಳಲ್ಲೇ ಹಿಡಿದು ಬಾಯಿಯನ್ನು ಉರಿಗೆ ಒಡ್ಡುವುದು, ಬಿಸಿ ಬೆರಳಿಗೆ ಏರಿದ ಕೂಡಲೇ ನೀರಿಗೆ ಬಿಡುವುದು. “ಬಾಯಿ ಮೆತ್ತಗಾಗಬೇಕು, ಇಲ್ಲಾಂದ್ರ ಸೀಳತೈತಿ” ಅನ್ನುತ್ತಿದ್ದರು. ಆಮೇಲೆ ಆ ಉಗುರಿನ ಕೆಲಸ. ಕಾಡತೂಸಿನ ಬಾಯಿಯ ಸುತ್ತ ಉಗುರನ್ನು ನಿಧಾನ ಒಂದು ಸುತ್ತು ತಿರುಗಿಸುತ್ತಿದ್ದರು. ಕಣ್ಣಿಗೆ ಕಾಣದ ಕೂದಲೆಳೆಯಷ್ಟು ಸೀಳಿದ್ದರೂ ಉಗುರು ಅಲ್ಲಿ ತಡೆಯುತ್ತಿತ್ತು. ತಡೆದರೆ ಮುಗಿಯಿತು, ಅದು ಹೊಳೆಗೆ. ತಡೆಯದಿದ್ದರೆ “ಸೀಳಿಲ್ಲ” ಎಂದು ಒಂದೇ ಮಾತು ಹೇಳಿ ಪಕ್ಕಕ್ಕಿಡುತ್ತಿದ್ದರು.

ಹೊಳೆಯಲ್ಲಿ ಮೀನು ಹಿಡಿಯುವವರ ಹರಿದ ಬಲೆಗಳಿಂದ ಬಿಚ್ಚಿದ ಸೀಸದ ಮಣಿಗಳನ್ನು ಕರಗಿಸಿ ಗುಂಡು ಎರೆಯುತ್ತಿದ್ದರು. ಆ ಹೊಗೆಗೆ ನನ್ನ ಬಾಯಲ್ಲಿ ನಾಣ್ಯ ಇಟ್ಟುಕೊಂಡ ರುಚಿ ಬರುತ್ತಿತ್ತು. ಇನ್ನೊಂದು ಹೇಳಿದರೆ ನಂಬಬೇಕು, ಮದ್ದು ಅಳೆಯುತ್ತಿದ್ದುದು ಮಕ್ಕಳಿಗೆ ಹಾಲು ಕುಡಿಸುವ ಒಳಲೆಯಲ್ಲಿ! ನಮ್ಮ ಮನೆಯವರು ಕೂಸಾಗಿದ್ದಾಗ ಕುಡಿದ ಒಳಲೆ ಅದು. ನನಗೆ ಮೊದಲ ಮಗು ಆದಾಗ ನಾನು ಅದನ್ನು ನೋಡಿದ ನೋಟಕ್ಕೆ ಅತ್ತೆಗೇ ನಗು ಬಂತು. “ಹೆದರಬ್ಯಾಡ, ನಿನ್ನ ಮಗೂಗ ಹೊಸಾದ ತಂದೀನಿ” ಅಂದರು. ಮದ್ದಿನ ಮೇಲೆ ಉಳಿಯುವ ಜಾಗಕ್ಕೆ ಉಪ್ಪಿಟ್ಟಿನ ರವೆ ತುಂಬಿ, ಅದರ ಮೇಲೆ ಗುಂಡು ಕೂರಿಸುತ್ತಿದ್ದರು. ಇಲ್ಲದಿದ್ದರೆ ಮದ್ದು ಒಳಗೆ ಅಲ್ಲಾಡಿ ಸರಿಯಾಗಿ ಹೊತ್ತುವುದಿಲ್ಲವಂತೆ. ಹಾಗಾಗಿ ನಮ್ಮ ಮನೆಯ ಬಂದೂಕು ಹಾರಿದರೆ ಓಣಿಗೆಲ್ಲ ಸೀದ ಉಪ್ಪಿಟ್ಟಿನ ವಾಸನೆ ಬರುತ್ತಿತ್ತು. ನಾನು ವರ್ಷಗಟ್ಟಲೆ ಉಪ್ಪಿಟ್ಟು ತಿನ್ನಲಿಲ್ಲ.

ನಮ್ಮ ಮನೆಯೊಳಗೆ ಮಾಂಸ ಬರುವಂತಿಲ್ಲ. ಗಂಡಸರು ಹೊಡೆದದ್ದನ್ನು ಹೊಲದ ಗುಡಿಸಲಲ್ಲಿ ಬೇಯಿಸಿ ತಿಂದು, ಬಡೇಸೋಪು ಅಗಿಯುತ್ತ ಸಾಧುಗಳಂತೆ ಮನೆಗೆ ಬರುತ್ತಿದ್ದರು. ಅತ್ತೆ ಬಾಗಿಲಲ್ಲೇ ತಂಬಿಗೆ ನೀರು ಇಟ್ಟಿರುತ್ತಿದ್ದರು. “ಬಾಯಿ ಮುಕ್ಕಳಿಸ್ರಿ. ಮುಕ್ಕಳಿಸಿದ್ದು ನುಂಗಬ್ಯಾಡ್ರಿ ಮತ್ತ” ಎಂದು ಗಂಡನಿಗೇ ಹೇಳುವ ನಾಲಿಗೆ ಅದು. ಊರಲ್ಲಿ ಅವರ ನಾಲಿಗೆಗೆ ಹೆದರದವರಿರಲಿಲ್ಲ. ಮೀಸೆ ತಿರುವುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ, ನಾಯಿಗೆ ಕಲ್ಲೆಸೆಯುವವರನ್ನು ಕಂಡರೆ ಆಗುತ್ತಿರಲಿಲ್ಲ, ತಾಟಿನಲ್ಲಿ ಅನ್ನ ಬಿಟ್ಟು ಏಳುವವರನ್ನು ಕಂಡರೆ ಅಂತೂ ಥೂ ಅಂದೇ ಬಿಡುತ್ತಿದ್ದರು. ನನ್ನ ಮೂಗಿನ ತುದಿಯ ಹೇಸಿಗೆಯೂ ಅವರಿಂದ ಕಲಿತದ್ದೇ ಇರಬೇಕು.

ಅವರು ಒಂದೇ ಒಂದು ಸಲ ಕೆಲಸ ಕೆಡಿಸಿದ ಕಥೆಯನ್ನು ಅವರೇ ನನಗೆ ಹೋಳಿಗೆ ಮಾಡುವಾಗ ಹೇಳಿದ್ದರು. ಅದೂ ಹೋಳಿಗೆಯ ದಿನದ್ದೇ. ಖಂಡೇಪೂಜೆ. ಮನೆಯ ಕುಡಗೋಲು, ಕೊಡಲಿ, ನೇಗಿಲ ಜೊತೆಗೆ ಬಂದೂಕನ್ನೂ ತೊಳೆದು, ಚೆಂಡುಹೂ ಹಾಕಿ ಪೂಜೆ ಮಾಡುವುದು ನಮ್ಮ ಕಡೆಯ ಪದ್ಧತಿ. ಸಂಜೆ ಬನ್ನಿ ಗಿಡದ ಹತ್ತಿರ ಊರ ಹಿರಿಯರ ಮುಂದೆ ಅದನ್ನೊಮ್ಮೆ ಹಾರಿಸುವುದು ಮಾವನವರ ದೊಡ್ಡಸ್ತಿಕೆ. ಆ ವರ್ಷ ತುಂಬಿದ ಕಾಡತೂಸು ಇಲ್ಲವೆಂದು ನೆನಪಾದದ್ದು ಕಡೆಯ ಗಳಿಗೆಗೆ. “ಲಗೂನ ತುಂಬಿ ಕೊಡು” ಎಂದು ಅವಸರ ಮಾಡಿದರಂತೆ. ಅತ್ತೆಯ ಕೈಯೆಲ್ಲ ಹೋಳಿಗೆಯ ತುಪ್ಪ. ಸೀರೆಗೆ ಒರೆಸಿಕೊಂಡು ಕೂತರು. ಕಾಡತೂಸಿನ ತಳಕ್ಕೆ ತಾಮ್ರದ ಒಂದು ಚಿಕ್ಕ ಬಿಲ್ಲೆ ಕೂರುತ್ತದೆ, ಟೋಪಿ ಅನ್ನುತ್ತಾರೆ; ಬಂದೂಕಿನ ಮೊಳೆ ಅದಕ್ಕೆ ಬಡಿದಾಗಲೇ ಕಿಡಿ ಹುಟ್ಟಿ ಮದ್ದು ಹೊತ್ತುವುದು. ಆ ಟೋಪಿಗಳನ್ನು ತುಪ್ಪದ ಕೈಯಲ್ಲೇ ಕೂರಿಸಿದರು.

“ಊರ ಮಂದಿ ಎಲ್ಲಾ ಕಿವಿ ಮುಚ್ಚಿಕೊಂಡ ನಿಂತಾರ. ಬಂದೂಕ ಟಕ್ ಅಂತು. ಇನ್ನೊಂದ ಹಾಕಿದ್ರು, ಅದೂ ಟಕ್. ಮಂದಿ ಕಿವ್ಯಾಗಿನ ಬೆರಳ ತಗದು ಬಾಯಿಗೆ ಸೆರಗ ಹಿಡಕೊಂಡ್ರು!” ಅತ್ತೆ ಲಟ್ಟಣಿಗೆ ಕೆಳಗಿಟ್ಟು ನಕ್ಕರು. “ಇವರು ಅವತ್ತ ಹೋಳಗಿ ಮುಟ್ಟಲಿಲ್ಲ. ನಾ ಒಂದ ಕಾಡತೂಸ ಬಿಚ್ಚಿ ನೋಡಿದೆ. ಮದ್ದು ಒಣಗೇ ಐತಿ, ಟೋಪಿಯೊಳಗ ತುಪ್ಪ. ತುಪ್ಪ ತಾಕಿದ್ರ ಟೋಪಿ ಸಾಯ್ತೈತಿ, ಅವತ್ತ ಗೊತ್ತಾತು.”

ಮಾವನವರು ತೀರಿಕೊಂಡ ಮೇಲೆ ಬಂದೂಕಿನ ಲೈಸೆನ್ಸು ನಮ್ಮ ಮನೆಯವರ ಹೆಸರಿಗಾಯಿತು. ಆದರೆ ಅವರಿಗೆ ದ್ರಾಕ್ಷಿ, ಕಬ್ಬು, ಟ್ರ್ಯಾಕ್ಟರು ಸಾಕಾಗಿತ್ತು. ಬಂದೂಕು ಅಟ್ಟದ ಮೇಲೆ ಮಲಗಿತು. ಅತ್ತೆ ಸೀಳಿಲ್ಲದ ಖಾಲಿ ಕಾಡತೂಸುಗಳನ್ನು ಒಂದು ಬಟ್ಟೆಯಲ್ಲಿ ಕಟ್ಟಿ ಜೋಳದ ಕಣಜದ ಹಿಂದಿಟ್ಟು, ಉಳಿದ ಹಳೆಯ ಮದ್ದನ್ನು ಹೊಳೆಗೆ ಸುರಿದರು. ಇನ್ನು ಈ ಹೇಸಿಗೆ ಮುಗಿಯಿತೆಂದು ನಾನು ನಂಬಿದ್ದೆ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯವರಿಗೆ ನಿಪ್ಪಾಣಿಯ ಒಬ್ಬ ತಂಬಾಕು ವ್ಯಾಪಾರಿಯ ಗೆಳೆತನವಾಯಿತು. ಆ ಮನುಷ್ಯನನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಬಿಳಿ ಅಂಗಿ, ಬಾಯಿ ತುಂಬ ಗುಟಖಾ, ಕೈಯಲ್ಲಿ ಯಾವಾಗಲೂ ಫೋನು. ಚಹಾ ಕೊಟ್ಟರೆ ಅರ್ಧ ಕುಡಿದು ಅದೇ ಕಪ್ಪಿನಲ್ಲಿ ಉಗುಳುತ್ತಿದ್ದ. ಆ ಕಪ್ಪು ತೊಳೆಯುವವಳು ನಾನು! ಮೊದಲ ದಿನವೇ ತೊಳೆಯದೆ ತಿಪ್ಪೆಗೆ ಎಸೆದೆ. ಅಟ್ಟದ ಮೇಲಿನ ಬಂದೂಕು ಅವನ ಕಣ್ಣಿಗೆ ಬಿದ್ದದ್ದೇ, “ಅರೆ, ಇದು ಅಂಟೀಕ್ ಪೀಸ್ ಐತ್ರಿ!” ಎಂದು ಅದನ್ನು ತಬ್ಬಿಕೊಂಡು ಫೋಟೋ ತೆಗೆಸಿಕೊಂಡ. ಅದರ ಕಾಡತೂಸನ್ನು ಅತ್ತೆ ತುಂಬುತ್ತಿದ್ದರೆಂದು ಕೇಳಿದ ಮೇಲಂತೂ ಅವರ ಕಾಲಿಗೇ ಬಿದ್ದುಬಿಟ್ಟ. “ಆಯಿ, ವಿದೇಶದಾಗ ಮಂದಿ ಇದನ್ನ ಹಾಬಿ ಅಂತ ಮಾಡ್ತಾರ. ತುಮ್ಹಿ ಕಲಾಕಾರ ಆಹಾತ!” ಎಂದು ಮರಾಠಿಯಲ್ಲಿ ಕಲಾವಿದೆಯ ಪಟ್ಟ ಕಟ್ಟಿದ.

ಅತ್ತೆ ಕಾಲು ಹಿಂದೆ ಎಳೆದುಕೊಂಡರು. “ಗಟಾರ ಬಳಿಯೂದೂ ಒಂದ ಕೆಲಸ, ತಮ್ಮಾ. ಯಾರರ ಬಳೀಬೇಕಿತ್ತು, ಬಳ್ದೇನಿ. ಅದನ್ನ ಹಾಡಿ ಹೊಗಳತಾರೇನ?”

ಅವನಿಗೆ ನಾಟಲಿಲ್ಲ. ನಮ್ಮ ಕಬ್ಬಿಗೆ ಬೀಳುವ ಹಂದಿಯನ್ನು ಈ ಬಂದೂಕಿನಿಂದಲೇ ಹೊಡೆಯಬೇಕು, ಅದನ್ನು ಫೋನಿನಲ್ಲಿ ಹಿಡಿದು ಜಗತ್ತಿಗೆ ತೋರಿಸಬೇಕು ಎಂದು ನಮ್ಮ ಮನೆಯವರ ತಲೆಗೆ ತುಂಬಿದ. “ನಿಮ್ಮ ವಂಶದ ಬಂದೂಕ, ನೀವ ಹೊಡೀಬೇಕ್ರಿ” ಅಂದ. ವಂಶ ಎಂದರೆ ಸಾಕು, ನಮ್ಮ ಗಂಡಸರ ಎದೆ ಉಬ್ಬುತ್ತದೆ. ಹಾಗೆ ಹಂದಿ ಹೊಡೆಯಲು ಅಪ್ಪಣೆ ಬೇಕೆಂದು ನಾನು ನೆನಪು ಮಾಡಿದರೆ, “ನಿನಗೇನ ತಿಳಿತೈತಿ” ಎಂದು ಬಾಯಿ ಮುಚ್ಚಿಸಿದರು. ಕಬ್ಬು ಕಡಿಯುವ ಗ್ಯಾಂಗಿನವರ ಗುಡಿಸಲುಗಳು ಅದೇ ಹೊಲದ ಅಂಚಿಗಿದ್ದವು, ಅವರ ಮಕ್ಕಳು ಅಲ್ಲೇ ಆಡುತ್ತಿದ್ದವು. ಅದನ್ನೂ ಹೇಳಿದೆ. ಯಾರಿಗೂ ಬೇಕಿರಲಿಲ್ಲ.

ಮುಂದಿನ ಸಲ ಬಂದಾಗ ವ್ಯಾಪಾರಿ ತಂಪು ಪಾನೀಯದ ಬಾಟಲಿಯೊಂದರಲ್ಲಿ ಮದ್ದು ತಂದಿದ್ದ. ಎಲ್ಲಿಂದ ತಂದನೋ ಹೇಳಲಿಲ್ಲ. ಅತ್ತೆ ಒಂದು ಚಿಟಿಕೆ ತೆಗೆದು ಬೆರಳಲ್ಲಿ ಹೊಸಕಿದರು, ಮೂಸಿದರು. ಅಂಗಳದ ಕಲ್ಲಿನ ಮೇಲಿಟ್ಟು ದೂರದಿಂದ ಕೆಂಡ ತಾಕಿಸಿದರು. ಅದು ಫಟ್ಟೆಂದು ಹಾರಿ ಕಲ್ಲಿನ ಮೇಲೆ ಬಿಳಿ ಕಲೆ ಉಳಿಯಿತು.

“ನಮ್ಮ ಮದ್ದು ಸುರ್ ಅಂತ ಉರೀತಿತ್ತು,” ಅತ್ತೆ ಮಗನಿಗೆ ಹೇಳಿದರು. “ಇದು ಕಲ್ಲ ಒಡಿಯೂ ಮದ್ದು. ಬಂದೂಕದಾಗ ಹಾಕಿದ್ರ ಗುಂಡು ಮುಂದ ಹೋಗೂದಿಲ್ಲ, ಬಂದೂಕ ಹಿಂದ ಬರ್ತೈತಿ. ನಿನ್ನ ಮಾರಿಗೆ.”

“ಯವ್ವಾ, ಕಾಲ ಬದಲಾಗೇತಿ. ಮದ್ದೂ ಬದಲಾಗೇತಿ,” ಎಂದರು ನಮ್ಮವರು.

“ಆಯಿ, ಯೂಟ್ಯೂಬಿನ್ಯಾಗ ಎಲ್ಲಾ ತೋರಸ್ತಾರ,” ಎಂದು ವ್ಯಾಪಾರಿ ಫೋನು ಅವರ ಮೂಗಿಗೆ ಹಿಡಿದ.

ಅತ್ತೆ ಫೋನನ್ನು ನೋಡಲಿಲ್ಲ, ಮಗನನ್ನೇ ನೋಡಿದರು. ಬೇಡವೆಂದು ಎಷ್ಟು ಥರ ಹೇಳಬಹುದೋ ಅಷ್ಟೂ ಥರ ಹೇಳಿದರು. ಬೈದರು. ಎಂದೂ ಯಾರ ಮುಂದೆಯೂ ಕಣ್ಣೀರು ಹಾಕದವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಮ್ಮವರು ಗೆಳೆಯನ ಮುಂದೆ ತಾಯಿಯ ಮಾತು ಕೇಳಿದರೆ ಸಣ್ಣವರಾಗಿಬಿಡುತ್ತಾರಲ್ಲ! “ನೀ ತುಂಬದಿದ್ರ ಬಿಡು, ನಾನ ತುಂಬ್ತೀನಿ. ಖಾಲಿ ಕಾಡತೂಸ ಎಲ್ಲಿ ಇಟ್ಟಿ, ಅಷ್ಟ ಹೇಳು” ಅಂದರು. ಅತ್ತೆ ಎದ್ದು, “ಮದ್ದು ನೀ ಹಾಕೋ. ಟೋಪಿ ಕೂಡಸೂದು ನಿನ್ನ ಕೈಲೆ ಆಗೂದಿಲ್ಲ. ನಾ ಕೂಡಸಿ ಕೊಡ್ತೀನಿ” ಎಂದು ಒಳಗೆ ಹೋದರು.

ನಾನು ಹಿಂದೆಯೇ ಹೋದೆ. ಕಣಜದ ಹಿಂದಿನ ಗಂಟು ಬಿಚ್ಚಿ, ಉಗುರಿನಿಂದ ಒಂದೊಂದನ್ನೇ ನೋಡಿ ಸಾಲಾಗಿ ಇಟ್ಟಿದ್ದರು. ಪಕ್ಕದಲ್ಲಿ ಬಟ್ಟಲಿನ ತುಂಬ ಕಾಸಿದ ತುಪ್ಪ.

“ಅತ್ತೀ, ತುಪ್ಪ ಯಾಕ್ರಿ?”

“ರೊಟ್ಟಿಗೆ ಹಚ್ಚಾಕ,” ಅಂದರು. ಒಲೆ ಹೊತ್ತಿರಲಿಲ್ಲ, ರೊಟ್ಟಿಯೂ ಇರಲಿಲ್ಲ. ನನ್ನ ಮುಖ ನೋಡಿ ದನಿ ಇಳಿಸಿದರು. “ಬಾಟಲಿ ಚೆಲ್ಲಿದ್ರ ಇನ್ನೊಂದ ಬಾಟಲಿ ತರ್ತಾನ. ಬಂದೂಕ ಮುಚ್ಚಿಟ್ರ ನಿನ್ನ ಗಂಡ ಕೀಲಿ ಒಡೀತಾನ. ನಾಕ ಮಂದಿ ಮುಂದ ನಾಚಿಕಿ ಆಗ್ಲಿ ಅವಂಗ, ತಾನ ಕೆಳಗ ಇಡ್ತಾನ. ಬಾಯಿ ಬಿಟ್ಟೀ ಮತ್ತ!”

ನಾನು ಬಾಯಿ ಬಿಡಲಿಲ್ಲ. ಮಾರನೆಯ ಮುಂಜಾನೆ ಆ ವ್ಯಾಪಾರಿಗೆ ಉಪ್ಪಿಟ್ಟು ಬಡಿಸುವಾಗ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಒಂದು ಟೋಪಿ ತುಪ್ಪ ಕುಡಿಯದೆ ಉಳಿದಿದ್ದರೆ? ಅವನು ತಿಂದು ತೇಗಿ, ನಮ್ಮವರನ್ನೂ ಇನ್ನು ಕೆಲವು ಗೆಳೆಯರನ್ನೂ ಕರೆದುಕೊಂಡು ಹೊಲಕ್ಕೆ ಹೋದ. ಅತ್ತೆ ಕಟ್ಟೆಯ ಮೇಲೆ ಕೂತರು. ಅವಲಕ್ಕಿ ಆರಿಸುತ್ತೇನೆಂದು ಮೊರ ಮುಂದಿಟ್ಟುಕೊಂಡರು, ಒಂದು ಕಾಳನ್ನೂ ಆರಿಸಲಿಲ್ಲ. ಹೊಲದ ಕಡೆಗೆ ಕಿವಿ ಇಟ್ಟು ಇಬ್ಬರೂ ಹಾಗೇ ಕೂತಿದ್ದೆವು. ಯಾವ ಸಪ್ಪಳವೂ ಬರಲಿಲ್ಲ.

ಬಂದವರು ನಮ್ಮವರೇ, ಒಬ್ಬರೇ, ಮುಖ ಕೆಂಪಗೆ ಮಾಡಿಕೊಂಡು. ಕಾಲುವೆಯ ಏರಿಯ ಮೇಲೆ ಹಂದಿ ಎದುರಿಗೇ ಬಂದು ನಿಂತಿತ್ತಂತೆ. ಎಲ್ಲರ ಫೋನುಗಳೂ ಮೇಲೆದ್ದಿದ್ದವು. ಬಂದೂಕು ಟಕ್ ಅಂದಿತು. ಕಾಡತೂಸು ಬದಲಿಸಿದರು, ಮತ್ತೆ ಟಕ್. ತಂದಿದ್ದೆಲ್ಲ ಹಾಕಿ ನೋಡಿದರು. ಹಂದಿ ಇವರನ್ನು ಅಷ್ಟು ಹೊತ್ತು ನೋಡಿ, ಬೇಸರವಾಗಿ, ಕಬ್ಬಿನೊಳಗೆ ನಡೆದು ಹೋಯಿತು. ವ್ಯಾಪಾರಿ ಹೊಟ್ಟೆ ಹಿಡಿದುಕೊಂಡು ನಕ್ಕು, ಅದನ್ನೇ ಎಲ್ಲರ ಫೋನಿಗೂ ಕಳಿಸಿದ್ದನಂತೆ. ಎಂಥ ಗೆಳೆಯ ನೋಡಿ!

“ಯವ್ವಾ, ನೀ ಬೇಕಂತ ಮಾಡಿ?”

“ಹೌದು. ಬೇಕಂತ ಮಾಡೇನಿ.”

“ಬೇಡಕಿಹಾಳದ ಬೀಗರ ತನಕಾ ಹೋಗೇತಿ ಅದು. ಮಂದಿ ನಗಾಕತ್ತಾರ. ನನ್ನ ಮಾನಾ ಕಳದಿ!”

“ಮಾನಾ ನಾಳೆ ಬರ್ತೈತಿ. ಕಣ್ಣ ಬರ್ತಾವೇನ?”

ಅದು ನಮ್ಮವರನ್ನು ಇನ್ನಷ್ಟು ಕೆರಳಿಸಿತು. “ಏನೂ ಆಗೂದಿಲ್ಲ. ಈಗ ನಿನ್ನ ಮುಂದ ಹೊಡದ ತೋರಸ್ತೀನಿ” ಎಂದು ಒಂದು ಖಾಲಿ ಕಾಡತೂಸಿಗೆ ಹೊಸ ಟೋಪಿ ಅವರೇ ಬಡಿದು ಕೂರಿಸಿ, ಬಾಟಲಿಯ ಮದ್ದು ತುಂಬಿ, ಗುಂಡು ಒತ್ತಿ ಬಂದೂಕಿಗೆ ಹಾಕಿದರು. ಅಂಗಳದಲ್ಲಿ ನಿಂತು, ಹೊಲದ ಬದುವಿನ ಮಣ್ಣಿನ ದಿಬ್ಬಕ್ಕೆ ಗುರಿ ಹಿಡಿದು, ಕೆನ್ನೆಗೆ ಆನಿಸಿಕೊಂಡೇಬಿಟ್ಟರು. ಈಗ ತುಪ್ಪವಿರಲಿಲ್ಲ.

ಅತ್ತೆ ಓಡಿ ಬರುವ ವಯಸ್ಸಿನವರಲ್ಲ. ಕೂತಲ್ಲಿಂದಲೇ ಹೇಳಿದರು. “ಹೊಡಿ, ಬ್ಯಾಡ ಅನ್ನೂದಿಲ್ಲ. ಆದ್ರ ನಿನ್ನ ಹೆಗಲಿನಿಂದ ಹೊಡೀಬ್ಯಾಡ. ಬೇವಿನ ಗಿಡದ ಹೆಗಲಿನಿಂದ ಹೊಡಿ. ಮದ್ದು ಚೊಲೋ ಇತ್ತಂದ್ರ ಗಿಡಕ್ಕ ಏನಾಗತೈತಿ?”

ಅಷ್ಟು ಹೊತ್ತಿಗೆ ನಾನು ಎಮ್ಮೆಯ ಕೊರಳ ಹಗ್ಗ ಬಿಚ್ಚಿ ತಂದಿದ್ದೆ. “ಕಟ್ರಿ,” ಅಂದೆ. “ನಮ್ಮ ಮಕ್ಕಳ ಆಣಿ ಐತಿ, ಕಟ್ರಿ.” ಅಲ್ಲಿಯವರೆಗೆ ಗಂಡನಿಗೆ ಹಾಗೆ ಗದರಿದವಳಲ್ಲ ನಾನು. ಅವರು ನನ್ನನ್ನು ನೋಡಿದರು, ತಾಯಿಯನ್ನು ನೋಡಿದರು. ಇಬ್ಬರು ಹುಚ್ಚರ ಕೈಗೆ ಸಿಕ್ಕವರಂತೆ ಹಲ್ಲು ಕಡಿಯುತ್ತ, ಬಂದೂಕನ್ನು ದಿಬ್ಬದ ಕಡೆ ಮುಖ ಮಾಡಿ ಬೇವಿನ ಕಾಂಡಕ್ಕೆ ಬಿಗಿದರು. ಗುಂಡು ಹಾರಿಸಲು ಬೆರಳಿಟ್ಟು ಎಳೆಯುವ ಕುದುರೆಗೆ ದಾರ ಕಟ್ಟಿ, ಕೊಟ್ಟಿಗೆಯ ಗೋಡೆಯ ಹಿಂದೆ ಬಂದು ಎಳೆದರು.

ಆ ಸಪ್ಪಳ ನಾನು ಮತ್ತೆ ಎಂದೂ ಕೇಳಬಾರದು. ಹಗ್ಗ ಬಿಚ್ಚಿದ್ದ ಎಮ್ಮೆ ಕೊಟ್ಟಿಗೆ ಬಿಟ್ಟು ಓಡಿತು, ಮನೆಯ ಹಂಚು ಉದುರಿದವು. ಹೊಗೆ ಇಳಿದ ಮೇಲೆ ಹೋಗಿ ನೋಡಿದರೆ ಬಂದೂಕಿನ ನಳಿಗೆ ಒಂದು ಕಡೆ, ಕಟ್ಟಿಗೆ ಒಂದು ಕಡೆ. ಹಿಂಬದಿಯ ಬಾಯಿ ಮುಚ್ಚುವ ಉಕ್ಕಿನ ತುಂಡು, ಇವರು ಕೆನ್ನೆ ಆನಿಸುತ್ತಿದ್ದ ಎತ್ತರದಲ್ಲೇ, ಬೇವಿನ ಕಾಂಡದೊಳಗೆ ಬೆರಳುದ್ದ ಇಳಿದು ಕೂತಿತ್ತು. ಗಾಯದಿಂದ ಅಂಟು ಇಳಿಯುತ್ತಿತ್ತು. ಉಪ್ಪಿಟ್ಟಿನ ವಾಸನೆ ಇರಲಿಲ್ಲ, ಬರೀ ಗಂಧಕದ ಘಾಟು.

ನಮ್ಮವರು ಅಲ್ಲೇ ನೆಲಕ್ಕೆ ಕೂತರು. ಅತ್ತೆ ಗೋಡೆ ಹಿಡಿದುಕೊಂಡು ಮೆಲ್ಲಗೆ ಬಂದರು. ಗಂಡನ ಬಂದೂಕು, ಮಾವನ ಬಂದೂಕು, ತಾವು ಜೀವನವಿಡೀ ಉಣಿಸಿದ ಬಂದೂಕು. ಅದರ ಚೂರಿನ ಮೇಲೆ ಥೂ ಎಂದು ಉಗುಳಿ, ಸ್ನಾನಕ್ಕೆ ಹೋದರು. ಆ ಮಧ್ಯಾಹ್ನ ನಮ್ಮವರು ತಾಯಿಯ ಕೈಯಿಂದಲೇ ರೊಟ್ಟಿ ಹಾಕಿಸಿಕೊಂಡು, ತಲೆ ಎತ್ತದೆ ಉಂಡರು. ಉಳಿದ ಮದ್ದಿನ ಬಾಟಲಿಯನ್ನು ನೀರಿನ ಹಂಡೆಗೆ ಸುರಿದದ್ದು ನಾನು. ಮುರಿದ ಬಂದೂಕು, ಲೈಸೆನ್ಸು ಎರಡನ್ನೂ ಅವರೇ ಹೋಗಿ ಠಾಣೆಗೆ ಒಪ್ಪಿಸಿ, ಬೈಸಿಕೊಂಡು ಬಂದರು. ವ್ಯಾಪಾರಿ ಆಮೇಲೆ ಒಂದೆರಡು ಸಲ ಫೋನು ಮಾಡಿದ್ದ, “ಆ ಅಂಟೀಕ್ ಪೀಸಿನ ಚೂರು ಆದ್ರೂ ಕೊಡ್ರಿ” ಎಂದು. ಥೂ ಅವನ.

ಕೊನೆಯ ದಿನಗಳಲ್ಲಿ ಅತ್ತೆಯ ಎರಡೂ ಕಣ್ಣು ಮಂಜಾಗಿ, ನೆಳಲಷ್ಟೇ ಕಾಣುತ್ತಿತ್ತು. ಹಾಸಿಗೆ ಹಿಡಿದರು. ಬೇರೆ ಯಾರು ಉಣಿಸಿದರೂ ತುಟಿ ಬಿಗಿಯುತ್ತಿದ್ದರು, ಮಗನೇ ಅನ್ನ ಕಲಸಿ ಬಾಯಿಗೆ ಇಡಬೇಕು. ಒಂದು ದಿನ ಉಣಿಸುವಾಗ ಅವರು ಕೈ ಎತ್ತಿ ಮಗನ ಮುಖ ಹುಡುಕಿದರು. ಸಿಕ್ಕಿತು. ಆ ಕಪ್ಪು ಉಗುರನ್ನು ಮಗನ ಬಲಗಣ್ಣಿನ ಸುತ್ತ, ಹುಬ್ಬಿನಿಂದ ಕೆಳಗೆ ಇಳಿಸಿ, ಮೂಗಿನ ಪಕ್ಕದಿಂದ ಮತ್ತೆ ಮೇಲಕ್ಕೆ, ನಿಧಾನ ಒಂದು ಸುತ್ತು ತಿರುಗಿಸಿದರು. ಆಮೇಲೆ ಎಡಗಣ್ಣಿನ ಸುತ್ತ. ನಮ್ಮವರು ತುತ್ತು ಹಿಡಿದುಕೊಂಡೇ ಕೂತಿದ್ದರು. ಉಗುರು ಎಲ್ಲೂ ತಡೆಯಲಿಲ್ಲ.

“ಸೀಳಿಲ್ಲ” ಅಂದರು ಅತ್ತೆ. ಬಾಯಿ ತೆರೆದು ತುತ್ತು ಇಸಿದುಕೊಂಡರು.

ಅದೇ ವಾರ ಹೋದರು. ಮೈ ತೊಳೆಯುವಾಗ ಓಣಿಯ ಹೆಂಗಸೊಬ್ಬಳು ಆ ಉಗುರು ಕಂಡು, “ಇದನ್ನ ಕತ್ತರಿಸೂಣೇನ, ಹೇಸಿಗಿ ಕಾಣತೈತಿ” ಎಂದು ಕೇಳಿದಳು. ನಾನು ಅವಳ ಕೈ ತಳ್ಳಿದೆ. ಹುಣಸೆಹುಳಿ ತರಿಸಿ ಆ ಉಗುರನ್ನು ನಾನೇ ತಿಕ್ಕಿ ತೊಳೆದು, ಹೇಗಿತ್ತೋ ಹಾಗೇ ಕಳಿಸಿಕೊಟ್ಟೆ.